ಉಸಿರಿನ ಲೆಕ್ಕದಿಂದ ರಕ್ತದ ಲೆಕ್ಕಕ್ಕೆ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದ ರೋಗಿಯನ್ನು ಅಲುಗಾಡದಂತೆ ಮಲಗಿಸುತ್ತಿದ್ದರು. ಮೂಗಿಗೆ ಕ್ಲಿಪ್ಪು, ಬಾಯಿಗೆ ರಬ್ಬರ್ ಕೊಳವೆ. ಉಸಿರಾಡಿದಂತೆಲ್ಲ ಪಕ್ಕದ ಯಂತ್ರದಲ್ಲಿ ಆಮ್ಲಜನಕ ಇಳಿಯುತ್ತಿತ್ತು, ತಿರುಗುವ ಕಾಗದದ ಮೇಲೆ ಮುಳ್ಳು ಗೆರೆ ಎಳೆಯುತ್ತಿತ್ತು. ಥೈರಾಯ್ಡ್ ಎಷ್ಟು ಹೆಚ್ಚು ಕೆಲಸ ಮಾಡುತ್ತಿದೆ ಎಂದು ತಿಳಿಯಲು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ವೈದ್ಯರು ನೆಚ್ಚಿಕೊಂಡಿದ್ದ ಪರೀಕ್ಷೆ ಇದು.

ಅದಕ್ಕೂ ಮುಂಚೆ ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕ ನಾಡಿ, ಇಷ್ಟೇ ಆಧಾರ. 1835ರಲ್ಲಿ ಡಬ್ಲಿನ್‌ನ ರಾಬರ್ಟ್ ಗ್ರೇವ್ಸ್, 1840ರಲ್ಲಿ ಜರ್ಮನಿಯ ಮರ್ಸೆಬರ್ಗ್‌ನ ಕಾರ್ಲ್ ಫಾನ್ ಬಾಸೆಡೋ ಥೈರಾಯ್ಡ್ ಮಿತಿಮೀರುವ ಈ ಕಾಯಿಲೆಯನ್ನು ವರ್ಣಿಸಿದರು: ಊದಿದ ಕುತ್ತಿಗೆ, ಹೊರಚಾಚಿದ ಕಣ್ಣು, ನಿಲ್ಲದ ಎದೆಬಡಿತ. ಇದು ಹೃದಯದ್ದೋ ನರದ್ದೋ ಎಂಬ ವಾದ ದಶಕಗಟ್ಟಲೆ ನಡೆಯಿತು. 1895ರಲ್ಲಿ ಅಡಾಲ್ಫ್ ಮ್ಯಾಗ್ನಸ್-ಲೆವಿ ಇಂಥ ರೋಗಿಗಳ ಉಸಿರನ್ನು ಅಳೆದು, ಸುಮ್ಮನೆ ಮಲಗಿದ್ದಾಗಲೂ ಅವರ ದೇಹ ಹೆಚ್ಚು ಆಮ್ಲಜನಕ ಬಳಸುತ್ತದೆ ಎಂದು ತೋರಿಸಿದ. ಕಾಯಿಲೆಗೆ ಮೊದಲ ಸಲ ಒಂದು ಅಂಕಿ ಸಿಕ್ಕಿತು.

ಆದರೆ ಆ ಪರೀಕ್ಷೆ ಕೇಳುತ್ತಿದ್ದದ್ದು ಸಂಪೂರ್ಣ ವಿಶ್ರಾಂತಿಯನ್ನು. ಕೈ ನಡುಗುವ, ನಿದ್ದೆ ಬಾರದ, ಕಾರಣವಿಲ್ಲದೆ ಗಾಬರಿಯಾಗುವ ರೋಗಿಗೆ ಅದೇ ಅಸಾಧ್ಯವಾದ ಕೆಲಸ. ಹೆದರಿಕೆಯಿಂದಲೂ ಅಂಕಿ ಏರುತ್ತಿತ್ತು, ಜ್ವರದಿಂದಲೂ ಏರುತ್ತಿತ್ತು. ಹಾಗಾಗಿ ರಕ್ತದಲ್ಲಿರುವ ಹಾರ್ಮೋನನ್ನೇ ಅಳೆಯಬೇಕಿತ್ತು. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ ಅನ್ನು, ಅಂದರೆ ಟಿ4 ಅನ್ನು, ಬೇರ್ಪಡಿಸಿದ್ದ. ಅದಕ್ಕಿಂತ ಪ್ರಬಲವಾದ ಟಿ3ಯನ್ನು 1952ರಲ್ಲಿ ಲಂಡನ್‌ನಲ್ಲಿ ಜ್ಯಾಕ್ ಗ್ರಾಸ್ ಮತ್ತು ರೋಸಲಿಂಡ್ ಪಿಟ್-ರಿವರ್ಸ್ ಗುರುತಿಸಿದರು. ಆದರೂ ಇಷ್ಟು ಕಿರಿದಾದ ಪ್ರಮಾಣವನ್ನು ನೇರವಾಗಿ ಅಳೆಯುವ ದಾರಿ ಇರಲಿಲ್ಲ.

ಆ ದಾರಿ ತೆರೆದದ್ದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ. ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ ಇನ್ಸುಲಿನ್‌ಗಾಗಿ ರೂಪಿಸಿದ ರೇಡಿಯೋಇಮ್ಯುನೋಅಸ್ಸೇ, ವಿಕಿರಣಶೀಲ ಗುರುತು ಹಚ್ಚಿದ ಹಾರ್ಮೋನನ್ನು ರೋಗಿಯ ಹಾರ್ಮೋನಿನ ಜೊತೆ ಪೈಪೋಟಿಗೆ ಬಿಟ್ಟು ಲೆಕ್ಕ ಹಾಕುವ ವಿಧಾನ. ಅವರು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಇದೇ ಜಾಡಿನಲ್ಲಿ ಟಿ4, ಟಿ3, ಟಿಎಸ್‌ಎಚ್ ಎಲ್ಲವೂ ಅಳತೆಗೆ ಸಿಕ್ಕವು. 1977ರಲ್ಲಿ ಯಾಲೋ ನೊಬೆಲ್ ಪಡೆದಾಗ ಬರ್ಸನ್ ಬದುಕಿರಲಿಲ್ಲ.

ಟಿಎಸ್‌ಎಚ್ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕೊಡುವ ಆಜ್ಞೆ. ಥೈರಾಯ್ಡ್ ಮಿತಿಮೀರಿದರೆ ಅದು ನಿಲ್ಲುತ್ತದೆ. ಮೊದಲ ಪರೀಕ್ಷೆಗಳಿಗೆ ಸಹಜ ಮಟ್ಟಕ್ಕೂ ತೀರಾ ಕೆಳಗಿನ ಮಟ್ಟಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. 1980ರ ದಶಕದಲ್ಲಿ ಅದೂ ಸಾಧ್ಯವಾಯಿತು.

ಇಷ್ಟು ನಿಖರವಾದ ಅಂಕಿಗಳಿದ್ದರೂ ಕಾಯಿಲೆಯ ತೀವ್ರತೆಯನ್ನು ಅವು ಪೂರ್ತಿ ಹೇಳುವುದಿಲ್ಲ. ರಿಪೋರ್ಟ್‌ನಲ್ಲಿ ಟಿ4 ಒಂದೇ ಮಟ್ಟದಲ್ಲಿರುವ ಇಬ್ಬರಲ್ಲಿ, ತರುಣಿಗೆ ಕೈನಡುಕ ಮತ್ತು ಸೆಕೆ. ವಯಸ್ಸಾದವರಿಗೆ ಬರೀ ಸುಸ್ತು, ತೂಕ ಇಳಿಕೆ, ತಾಳ ತಪ್ಪಿದ ಎದೆಬಡಿತ. ಇಂಥ ಹಿರಿಯರನ್ನು ವಯಸ್ಸಿನ ಲಕ್ಷಣವೆಂದು ಮನೆಗೆ ಕಳಿಸುವುದು ನನಗೆ ಸಂಕಟದ ವಿಷಯ. ಥೈರಾಯ್ಡ್ ಸ್ಟಾರ್ಮ್ ಎಂಬ ಪ್ರಾಣಾಪಾಯದ ಸ್ಥಿತಿಯಲ್ಲಂತೂ ಹಾರ್ಮೋನಿನ ಮಟ್ಟ, ಥೈರಾಯ್ಡ್ ಮಿತಿಮೀರುವ ಸಾಮಾನ್ಯ ಹೈಪರ್‌ಥೈರಾಯ್ಡಿಸಂಗಿಂತ ಹೆಚ್ಚಿರಲೇಬೇಕೆಂದಿಲ್ಲ. ಸೋಂಕು, ಶಸ್ತ್ರಚಿಕಿತ್ಸೆ ಅಥವಾ ಥೈರಾಯ್ಡ್ ತಗ್ಗಿಸುವ ಮಾತ್ರೆಯನ್ನು ತಾವಾಗಿ ನಿಲ್ಲಿಸಿದ್ದು ಅದನ್ನು ಕೆರಳಿಸಬಹುದು. 1993ರಲ್ಲಿ ಬರ್ಚ್ ಮತ್ತು ವಾರ್ಟಾಫ್‌ಸ್ಕಿ ಅದಕ್ಕಾಗಿ ಮಾಡಿದ ಅಂಕಪಟ್ಟಿಯಲ್ಲಿ ಜ್ವರ, ನಾಡಿ, ಹೃದಯ, ಹೊಟ್ಟೆ-ಯಕೃತ್ತು, ಮನಸ್ಸಿನ ಗೊಂದಲ, ಕೆರಳಿಸಿದ ಕಾರಣ ಇವೆ. 45 ಅಥವಾ ಹೆಚ್ಚು ಅಂಕ ಬಂದರೆ ಸ್ಟಾರ್ಮ್ ಎಂಬ ಬಲವಾದ ಅನುಮಾನ. ಟಿ3, ಟಿ4ಗಳಿಗೆ ಅದರಲ್ಲಿ ಒಂದು ಅಂಕವೂ ಇಲ್ಲ.