ಫೋನಿನ ಮೂಲಾಧಿಕಾರವೂ ಗೃಹಸ್ಥನೂ

ಮನೆಯೊಂದನ್ನು ಕ್ರಯಕ್ಕೆ ಕೊಂಡು, ಹಣವನ್ನೆಲ್ಲ ಸಲ್ಲಿಸಿ, ಗೃಹಪ್ರವೇಶವನ್ನೂ ಮಾಡಿಕೊಂಡ ಮೇಲೆ, ಉಗ್ರಾಣದ ಬೀಗದಕೈ ಮಾತ್ರ ಮಾರಿದವನ ಬಳಿಯಲ್ಲಿಯೇ ಉಳಿದಿದೆಯೆಂದು ತಿಳಿದರೆ ಗೃಹಸ್ಥನಿಗೆ ಹೇಗಾಗಬೇಡ? ನಾವು ಈಗ ಮನೆಮನೆಯಲ್ಲಿಯೂ ಇಟ್ಟುಕೊಂಡಿರುವ ಆಂಡ್ರಾಯ್ಡ್ ಫೋನುಗಳ ಸ್ಥಿತಿಯು ಹೆಚ್ಚುಕಡಮೆ ಇಂಥದೇ. ಕೊಂಡವನು ಅದರಲ್ಲಿ ಮಾತನಾಡಬಹುದು, ಪತ್ರ ಬರೆಯಬಹುದು, ಹಣ ಕಳುಹಿಸಬಹುದು. ಆದರೆ ತಯಾರಕನು ಮೊದಲೇ ತುಂಬಿಟ್ಟಿರುವ ಬೇಡದ ಆ್ಯಪುಗಳನ್ನು ಬುಡಸಹಿತ ಕಿತ್ತುಹಾಕುವೆನೆಂದರೆ ಆಗದು. ಆ ಉಗ್ರಾಣದ ಬೀಗದಕೈಯನ್ನು ಸಂಪಾದಿಸಿಕೊಳ್ಳುವ ಕ್ರಿಯೆಗೆ ಈಗಿನ ಹುಡುಗರು 'ರೂಟ್ ಮಾಡುವುದು' ಎನ್ನುತ್ತಾರೆ. ಈ ವಿಷಯದಲ್ಲಿ ನನ್ನ ಅನುಭವವು ಅಲ್ಪವೇ ಸರಿ. ಆದರೆ ಅದಕ್ಕಾಗಿ ನಾನು ತೆತ್ತ ಬೆಲೆಯು ಅಲ್ಪವಲ್ಲದ ಕಾರಣ, ತಿಳಿದಷ್ಟನ್ನು ವಾಚಕರ ಮುಂದೆ ಇಡುವುದಕ್ಕೆ ಮನಸ್ಸು ಮಾಡಿದ್ದೇನೆ.

'ರೂಟ್' ಎಂದರೆ ಬೇರು, ಮೂಲ. ಈ ಮಾತು ಫೋನುಗಳಿಗಿಂತ ಬಹಳ ಹಳೆಯದು. 1969 ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಎಂಬ ಗಣಕವ್ಯವಸ್ಥೆಯು ಆರಂಭವಾಯಿತು. ಅದರಲ್ಲಿ ಕಡತಗಳನ್ನೆಲ್ಲ ತಲೆಕೆಳಗಾದ ಮರವೊಂದರಂತೆ ಜೋಡಿಸುವರು: ಬೇರು ಮೇಲೆ, ಕೊಂಬೆಗಳು ಕೆಳಗೆ. ಸಂಸ್ಕೃತವನ್ನು ಓದಿದವರಿಗೆ ಇಂಥ ಅಶ್ವತ್ಥವೊಂದು ಅಪರಿಚಿತವಲ್ಲ. ಆ ಬೇರಿನವರೆಗೂ ಅಡೆತಡೆಯಿಲ್ಲದೆ ಹೋಗಬಲ್ಲ ಅಧಿಕಾರಿಗೆ 'ರೂಟ್' ಎಂದೇ ಹೆಸರು. ಅವನ ಕ್ರಮಸಂಖ್ಯೆ 0. ಲಿನಸ್ ಟೋರ್ವಾಲ್ಡ್ಸರು 1991 ರಲ್ಲಿ ಆರಂಭಿಸಿದ ಲಿನಕ್ಸ್ ಈ ಪದ್ಧತಿಯನ್ನೇ ಅನುಸರಿಸಿತು. ಆಂಡ್ರಾಯ್ಡನ್ನು ಕಟ್ಟಿರುವುದು ಆ ಲಿನಕ್ಸಿನ ಮೇಲೆ. ಇದರಲ್ಲಿ ಒಂದೊಂದು ಆ್ಯಪಿಗೂ ಬೇರೆ ಬೇರೆ ಕ್ರಮಸಂಖ್ಯೆಯನ್ನು ಕೊಟ್ಟು, ಛತ್ರದಲ್ಲಿ ಇಳಿದುಕೊಂಡ ಯಾತ್ರಿಕರಂತೆ ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡದ ಹಾಗೆ ಗೋಡೆ ಹಾಕಿದ್ದಾರೆ. ಸೊನ್ನೆಯ ಸಂಖ್ಯೆಯವನಿಗೆ ಮಾತ್ರ ಗೋಡೆಯೆಂಬುದಿಲ್ಲ. ಫೋನನ್ನು ಕೊಂಡ ನಾವು ಆ ಸೊನ್ನೆಯವರಲ್ಲ, ನಾವೂ ಯಾತ್ರಿಕರೇ. ಈ ಸೊನ್ನೆಯವನ ಪದವಿಯನ್ನು ನಾನು ಮುಂದೆ ಮೂಲಾಧಿಕಾರವೆಂದು ಕರೆಯುವೆನು.

ಮೊತ್ತಮೊದಲು ಈ ಅಧಿಕಾರವು ಅಯಾಚಿತವಾಗಿ ದೊರೆಯಿತೆಂಬುದನ್ನು ಕೇಳಿದರೆ ನಗು ಬರುವುದು. 2008 ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಜಿ1 ಎಂಬ ಪ್ರಪ್ರಥಮ ಆಂಡ್ರಾಯ್ಡ್ ಫೋನಿನಲ್ಲಿ, ಗುಂಡಿಗಳನ್ನೊತ್ತಿ ಬರೆದುದೆಲ್ಲವೂ ತೆರೆಯ ಹಿಂದೆ ಮೂಲಾಧಿಕಾರಿಯ ಆಜ್ಞೆಯಾಗಿಯೂ ನಡೆಯುತ್ತಿತ್ತು. ಸ್ನೇಹಿತನಿಗೆ ಬರೆಯುವ ಸಂದೇಶದಲ್ಲಿ 'ರೀಬೂಟ್' ಎಂಬ ಒಂದೇ ಶಬ್ದವನ್ನು ಹೊಸ ಸಾಲಿನಲ್ಲಿ ಬರೆದು ಮುಗಿಸಿದರೆ ಸಾಕು, ಫೋನು ಆಜ್ಞೆಯನ್ನು ಶಿರಸಾವಹಿಸಿ ನಿಂತುಹೋಗಿ ಮತ್ತೆ ಮೊದಲಿನಿಂದ ಆರಂಭವಾಗುತ್ತಿತ್ತು! ಗೂಗಲ್ ಸಂಸ್ಥೆಯವರು ನವೆಂಬರಿನಲ್ಲಿಯೇ ಈ ದೋಷವನ್ನು ತಿದ್ದಿದರು. ಆದರೆ ಅಷ್ಟರೊಳಗೆ ಉತ್ಸಾಹಿಗಳಿಗೆ ರುಚಿ ಹತ್ತಿಹೋಗಿತ್ತು.

ನಮ್ಮ ಮನೆಗೆ ಈ ವಿದ್ಯೆಯು ಬಂದುದು ಕನ್ನಡದ ನಿಮಿತ್ತವಾಗಿ. 2011 ರಲ್ಲಿ ನಾನು ಕೊಂಡ ಮೊದಲನೆಯ ಸ್ಮಾರ್ಟ್‌ಫೋನಿನಲ್ಲಿ ಕನ್ನಡದ ಅಕ್ಷರಗಳಿರಬೇಕಾದ ಕಡೆಯಲ್ಲೆಲ್ಲ ಖಾಲಿ ಚೌಕಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಆಗ ಎಂಜಿನಿಯರಿಂಗ್ ಓದುತ್ತಿದ್ದ ನನ್ನ ಸೋದರಳಿಯನು ರಜೆಗೆ ಬಂದವನು ನೋಡಿ, "ಮಾವ, ಇದರೊಳಗೆ ಕನ್ನಡದ ಅಚ್ಚೇ ಇಲ್ಲ. ರೂಟ್ ಮಾಡಿದರೆ ನಾನೇ ಹಾಕಿಕೊಡಬಲ್ಲೆ" ಎಂದನು. ಅಕ್ಷರದ ಅಚ್ಚುಗಳಿರುವ ಕೋಣೆಯು ವ್ಯವಸ್ಥೆಯ ಒಳಗಿನದು. ಅಲ್ಲಿ ಬರೆಯುವ ಹಕ್ಕು ಮೂಲಾಧಿಕಾರಿಗೆ ಮಾತ್ರ. ಒಂದು ಘಂಟೆಯ ತರುವಾಯ ಚೌಕಗಳೆಲ್ಲ ಅಕ್ಷರಗಳಾದವು. ನನ್ನ ಮನೆಯಾಕೆಯು ಒಲೆಯ ಮೇಲಿನ ಹಾಲನ್ನೂ ಮರೆತು ನೋಡಲು ಬಂದಳು. ಆದರೆ ಸಮೀಪದಿಂದ ನೋಡಿದಾಗ ಒತ್ತಕ್ಷರಗಳು ಯಾವುವೂ ಕೆಳಗೆ ಇಳಿದಿರಲಿಲ್ಲ. 'ಅಕ್ಕ' ಎಂಬುದು 'ಅಕ್‌ಕ' ಎಂದೂ, 'ಸಂಸ್ಕೃತ'ವು 'ಸಂಸ್‌ಕೃತ'ವೆಂದೂ ಕಾಣುತ್ತಿದ್ದವು. ಅಚ್ಚುಗಳನ್ನು ತಂದಿಟ್ಟರೂ ಅವುಗಳನ್ನು ಒಂದರ ಕೆಳಗೊಂದು ಕೂಡಿಸುವ ಯಂತ್ರವು ಆಗಿನ ಆಂಡ್ರಾಯ್ಡಿನಲ್ಲಿರಲಿಲ್ಲ. "ಬೇರಿನವರೆಗೆ ಹೋಗಿ ಬಂದರೂ ಸಂಯುಕ್ತಾಕ್ಷರ ಸಿಕ್ಕಲಿಲ್ಲವಲ್ಲೋ" ಎಂದು ನಾನು ಹಾಸ್ಯ ಮಾಡಿದೆನು. 2012 ರಲ್ಲಿ ಹೊರಟ ಆಂಡ್ರಾಯ್ಡ್ 4.1 ರಲ್ಲಿ ಕನ್ನಡಕ್ಕೂ ಸ್ಥಳ ದೊರೆತು, ಕ್ರಮೇಣ ಕನ್ನಡಕ್ಕೋಸ್ಕರ ರೂಟ್ ಮಾಡಬೇಕಾದ ಅಗತ್ಯವೇ ತಪ್ಪಿತು.

ಇತರ ಲಾಭಗಳ ಕಥೆಯೂ ಬಹುಮಟ್ಟಿಗೆ ಹೀಗೆಯೇ ಆಗಿದೆ. ಆ್ಯಪೊಂದಕ್ಕೆ ನಮ್ಮ ವಿಳಾಸದ ಪುಸ್ತಕವನ್ನು ಕೊಡದೆ ಕ್ಯಾಮೆರಾವನ್ನು ಮಾತ್ರ ಕೊಡುವ ಸ್ವಾತಂತ್ರ್ಯವು 2015 ರ ಆಂಡ್ರಾಯ್ಡ್ 6 ರಿಂದ ಎಲ್ಲರಿಗೂ ದೊರೆತಿದೆ. ಬ್ಯಾಟರಿಯನ್ನು ನೂರಕ್ಕೆ ಎಂಬತ್ತರವರೆಗೆ ಮಾತ್ರ ತುಂಬಿಸಿ ಅದರ ಆಯುಸ್ಸನ್ನು ಕಾಪಾಡುವ ಉಪಾಯವನ್ನು ಹಿಂದೆ ಮೂಲಾಧಿಕಾರಿಗಳೇ ಮಾಡಿಕೊಳ್ಳುತ್ತಿದ್ದರು. ಈಗ ಅನೇಕ ತಯಾರಕರು ತಾವೇ ಅದನ್ನು ಒದಗಿಸಿದ್ದಾರೆ. ಉಳಿದಿರುವುದರಲ್ಲಿ ನನಗೆ ಸೊಗಸಾಗಿ ತೋರಿದುದು ಜಾಹೀರಾತುಗಳನ್ನು ತಡೆಯುವ ಕ್ರಮ. ಫೋನಿನೊಳಗೆ 'ಹೋಸ್ಟ್ಸ್' ಎಂಬ ಒಂದು ಸಣ್ಣ ಕಡತವಿದೆ. ಇಂಥ ಹೆಸರಿನ ತಾಣವು ಇಂಥ ಸಂಖ್ಯೆಯ ಮನೆಯಲ್ಲಿದೆಯೆಂದು ಹೇಳುವ, ಅಂಚೆಯವನ ಕೈಯ ಪಟ್ಟಿಯಂಥದು ಅದು. ಮೂಲಾಧಿಕಾರವುಳ್ಳವನು ಜಾಹೀರಾತಿನ ತಾಣಗಳ ಹೆಸರಿಗೆ ಫೋನಿನ ಸ್ವಂತ ಸಂಖ್ಯೆಯಾದ 127.0.0.1 ಎಂಬುದನ್ನು ಬರೆದಿಟ್ಟರೆ, ಜಾಹೀರಾತನ್ನು ತರಹೊರಟ ಆ್ಯಪು ತನ್ನ ಮನೆಯ ಬಾಗಿಲನ್ನೇ ತಟ್ಟಿ ಬರಿಗೈಯಲ್ಲಿ ಹಿಂದಿರುಗುವುದು. ಇದಲ್ಲದೆ ಬೇಡದ ಆ್ಯಪುಗಳನ್ನು ನಿರ್ಮೂಲ ಮಾಡಬಹುದು. ಆ್ಯಪುಗಳು ತಮ್ಮ ಖಾಸಗಿ ಕೋಣೆಯಲ್ಲಿ ಬಚ್ಚಿಟ್ಟ ಕಡತಗಳನ್ನೂ ನಕಲು ಮಾಡಿ ಇಟ್ಟುಕೊಳ್ಳಬಹುದು. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ರೂಟ್ ಮಾಡುವ ವಿಧಾನವನ್ನು ಇಲ್ಲಿ ವಿಸ್ತರಿಸುವ ಉದ್ದೇಶವಿಲ್ಲ. ಅದು ಫೋನಿನಿಂದ ಫೋನಿಗೆ ಭಿನ್ನ. ಆದರೆ ಜನರು ಒಂದೆಂದು ತಿಳಿಯುವ ಮೂರು ಕೆಲಸಗಳನ್ನು ಬೇರೆ ಬೇರೆಯಾಗಿ ಅರಿಯುವುದು ಒಳ್ಳೆಯದು. ಮೊದಲನೆಯದು ಬೂಟ್‌ಲೋಡರ್ ಎಂಬ ಹೆಬ್ಬಾಗಿಲಿನ ಬೀಗವನ್ನು ತೆರೆಯುವುದು. ಫೋನು ಎಚ್ಚರವಾಗುವಾಗ ತಯಾರಕನ ಮುದ್ರೆಯಿರುವ ವ್ಯವಸ್ಥೆಯನ್ನು ಮಾತ್ರ ಒಳಗೆ ಬಿಡುವ ಕಾವಲುಗಾರನು ಅದು. ಎರಡನೆಯದು, ಬೇಕಾದರೆ, ತಯಾರಕನ ವ್ಯವಸ್ಥೆಯನ್ನು ತೆಗೆದು ಬೇರೊಂದನ್ನು ಪ್ರತಿಷ್ಠಾಪಿಸುವುದು. 2016 ರ ಡಿಸೆಂಬರಿನಲ್ಲಿ ನಿಂತುಹೋದ ಸಯಾನೊಜೆನ್‌ಮಾಡ್ ಎಂಬುದರ ಉತ್ತರಾಧಿಕಾರಿಯಾಗಿ ಸ್ವಯಂಸೇವಕರು ನಡೆಸುತ್ತಿರುವ ಲಿನಿಯೇಜ್‌ಓಎಸ್ ಅಂಥದೊಂದು. ಮೂರನೆಯದೇ ರೂಟ್. ತೈವಾನಿನ ಜಾನ್ ವು ಎಂಬ ತರುಣನು 2016 ರಲ್ಲಿ ಹೊರತಂದ ಮ್ಯಾಜಿಸ್ಕ್ ಎಂಬ ಸಾಧನವು ಇದಕ್ಕೆ ಹೆಸರಾದುದು. ಯಾವ ಆ್ಯಪು ಮೂಲಾಧಿಕಾರವನ್ನು ಬೇಡಿದರೂ ಅದು ದ್ವಾರಪಾಲಕನಂತೆ ನಮ್ಮನ್ನು ಕೇಳಿಯೇ ಒಳಗೆ ಬಿಡುವುದು. ಆ ತರುಣನನ್ನು 2021 ರಲ್ಲಿ ಗೂಗಲ್ ಸಂಸ್ಥೆಯವರೇ ಆಂಡ್ರಾಯ್ಡಿನ ರಕ್ಷಣೆಯ ಕೆಲಸಕ್ಕೆ ಸೇರಿಸಿಕೊಂಡರು! ಹೆಬ್ಬಾಗಿಲನ್ನು ತೆರೆಯಲು ಕೆಲವು ತಯಾರಕರು ಒಪ್ಪುವರು, ಕೆಲವರು ಒಪ್ಪುವುದೇ ಇಲ್ಲ. ಹುವಾವೇ ಸಂಸ್ಥೆಯವರು 2018 ರಲ್ಲಿ ಅದರ ಸಂಕೇತಾಕ್ಷರಗಳನ್ನು ಕೊಡುವುದನ್ನು ನಿಲ್ಲಿಸಿದರು.

ಈಗ ನನ್ನ ಕಥೆ. 2017 ರಲ್ಲಿ ಕೊಂಡ ಫೋನೊಂದು ನನ್ನಲ್ಲಿತ್ತು. ಅದಕ್ಕೆ ತಯಾರಕರ ರಕ್ಷಣೆಯ ತಿದ್ದುಪಡಿಗಳು ಬರುವುದು ನಿಂತು ವರ್ಷಗಳಾಗಿದ್ದವು. ಎಸೆಯಲು ಮನಸ್ಸಿಲ್ಲ, ನಿಘಂಟುಗಳನ್ನು ತುಂಬಿ ಓದುವ ಮೇಜಿನ ಮೇಲೆ ಇಟ್ಟುಕೊಳ್ಳಬೇಕೆಂಬ ಆಸೆ. ಸೋದರಳಿಯನು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು. 2024 ರ ದಸರೆಯ ರಜೆಗೆ ಬಂದಾಗ ಅವನನ್ನು ನಾನೇ ಕೇಳಿದೆನು. ಹೆಬ್ಬಾಗಿಲನ್ನು ತೆರೆದ ಕೂಡಲೆ ಫೋನಿನಲ್ಲಿರುವುದೆಲ್ಲವೂ ಅಳಿಸಿಹೋಗುವುದೆಂದು ಅವನು ಎರಡು ಸಲ ಹೇಳಿದನು. ಚಿತ್ರಗಳನ್ನೂ ಪತ್ರಗಳನ್ನೂ ತಂತಿಯ ಮೂಲಕ ಕಂಪ್ಯೂಟರಿಗೆ ಇಳಿಸಿದೆವು. ನಾನು ಒಂದೊಂದನ್ನೂ ಎಣಿಸಿ ನೋಡಿದೆನು. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆಯು ಮೂಡಿತು. ಒಪ್ಪಿಗೆಯ ಗುಂಡಿಯನ್ನು ಒತ್ತಿದವನು ನಾನೇ.

ಮಾರನೆಯ ದಿನ ಸಾಯಂಕಾಲ ನನಗೆ ನೆನಪಾಯಿತು. 2021 ರಲ್ಲಿ ತೀರಿಕೊಂಡ ನನ್ನ ಮನೆಯಾಕೆಯು ಅದಕ್ಕೆ ಒಂದು ವರ್ಷ ಮೊದಲು, ಮಗಳಿಗೋಸ್ಕರ ಸಾರಿನ ಪುಡಿಯ ಪ್ರಮಾಣವನ್ನು ಅದೇ ಫೋನಿಗೆ ಹೇಳಿದ್ದಳು: ಧನಿಯ ಎಷ್ಟು, ಮೆಣಸು ಎಷ್ಟು, ಯಾವುದನ್ನು ಎಷ್ಟು ಹೊತ್ತು ಹುರಿಯಬೇಕು. ನಾಲ್ಕು ನಿಮಿಷದ ಮಾತು. ನಡುವೆ ಒಮ್ಮೆ ನನ್ನನ್ನು ಗದರಿಸಿದ್ದೂ ಅದರಲ್ಲಿತ್ತು. ಧ್ವನಿಯನ್ನು ಮುದ್ರಿಸಿಕೊಳ್ಳುವ ಆ ಆ್ಯಪು ತನ್ನ ಕಡತಗಳನ್ನು ಎಲ್ಲರಿಗೂ ಕಾಣುವ ಸ್ಥಳದಲ್ಲಿಡದೆ ತನ್ನ ಖಾಸಗಿ ಕೋಣೆಯಲ್ಲಿಟ್ಟುಕೊಂಡಿತ್ತು. ತಂತಿಯ ಮೂಲಕ ನೋಡಿದವರಿಗೆ ಅದು ಕಾಣಿಸದು. ಅದನ್ನು ನೇರವಾಗಿ ತೆಗೆಯಲು ಮೂಲಾಧಿಕಾರ ಬೇಕು. ಮೂಲಾಧಿಕಾರಕ್ಕೆ ಹೆಬ್ಬಾಗಿಲು ತೆರೆಯಬೇಕು. ಹೆಬ್ಬಾಗಿಲು ತೆರೆದರೆ ಅದು ಇರುವುದಿಲ್ಲ. ಹಾಗೆಂದು ಬೇರೆ ದಾರಿಯಿರಲಿಲ್ಲವೆಂದಲ್ಲ. ಆ ಆ್ಯಪನ್ನೇ ತೆರೆದು, ಅದರೊಳಗಿನಿಂದಲೇ ಮಗಳಿಗೆ ಕಳುಹಿಸಿದ್ದರೆ ಅರ್ಧ ನಿಮಿಷದ ಕೆಲಸ. ನಾಲ್ಕು ವರ್ಷ ನಾನು ಅದನ್ನು ಮಾಡಲಿಲ್ಲ. ಹುಡುಗನದು ಇದರಲ್ಲಿ ತಪ್ಪೇನೂ ಇಲ್ಲ. "ಅತ್ತೆಯ ಧ್ವನಿ ಇತ್ತು ಎಂದು ಒಂದು ಮಾತು ಹೇಳಬಾರದಾಗಿತ್ತೇ, ಮಾವ" ಎಂದಷ್ಟೇ ಅಂದು, ಆ ರಾತ್ರಿ ಬಹಳ ಹೊತ್ತು ಕಂಪ್ಯೂಟರಿನ ಮುಂದೆ ಕುಳಿತು ಪ್ರಯತ್ನಿಸಿದನು. ಈಗಿನ ಫೋನುಗಳಲ್ಲಿ ಕಡತಗಳೆಲ್ಲ ಗೂಢಲಿಪಿಯಲ್ಲಿರುವುದರಿಂದ, ಅಳಿಸುವಾಗ ಅದರ ಕೀಲಿಯು ನಾಶವಾದ ಮೇಲೆ ಉಳಿಯುವುದು ಅರ್ಥವಿಲ್ಲದ ಅಂಕೆಗಳ ರಾಶಿ ಮಾತ್ರ.

ಹೀಗೆ ಅಳಿಸುವ ಕ್ರಮವನ್ನು ಇಟ್ಟವರನ್ನು ಮೊದಲು ನಾನು ಶಪಿಸಿದೆನು. ಆಮೇಲೆ ಯೋಚಿಸಿದಾಗ ಅದರ ನ್ಯಾಯವು ತಿಳಿಯಿತು. ಫೋನನ್ನು ಕದ್ದವನೂ ಇದೇ ಹೆಬ್ಬಾಗಿಲನ್ನು ತೆರೆಯಬಹುದಷ್ಟೆ. ತೆರೆದೊಡನೆ ಒಳಗಿನದು ಅಳಿಯದಿದ್ದರೆ ನಮ್ಮ ಪತ್ರಗಳೂ ಚಿತ್ರಗಳೂ ಅವನ ಪಾಲಾಗುತ್ತಿದ್ದವು. ಕಳ್ಳನಿಗಾಗಿ ಕಟ್ಟಿದ ಗೋಡೆಗೆ ಯಜಮಾನನ ಗುರುತು ಸಿಕ್ಕುವುದಿಲ್ಲ.

ಅಪಾಯಗಳ ಮೂಲವೂ ಇಲ್ಲಿಯೇ ಇದೆ. ಮೂಲಾಧಿಕಾರಕ್ಕೆ ಯಾರು ಕೇಳುತ್ತಿದ್ದಾರೆಂಬುದು ತಿಳಿಯದು; ಆಜ್ಞೆಯು ಸೊನ್ನೆಯ ಸಂಖ್ಯೆಯವನಿಂದ ಬಂದಿತೇ ಎಂಬುದಷ್ಟನ್ನೇ ಫೋನು ನೋಡುವುದು. ದ್ವಾರಪಾಲಕನು ಕೇಳಿದಾಗ ಮನೆಯಲ್ಲಿ ಯಾರೋ ಅವಸರದಿಂದ ಒಪ್ಪಿಗೆಯ ಗುಂಡಿಯನ್ನೊತ್ತಿದರೆ, ಆಟದ ಆ್ಯಪೊಂದು ಬ್ಯಾಂಕಿನ ಆ್ಯಪಿನ ಕೋಣೆಯೊಳಕ್ಕೂ ಹೋಗಬಲ್ಲದು. ಈ ಅಧಿಕಾರವನ್ನು ದುರ್ಜನರು ಎಷ್ಟು ಬಯಸುವರೆಂಬುದಕ್ಕೆ 2016 ರ ನವೆಂಬರಿನಲ್ಲಿ ಚೆಕ್ ಪಾಯಿಂಟ್ ಎಂಬ ಸಂಸ್ಥೆಯವರು ಬಯಲಿಗೆ ತಂದ 'ಗೂಲಿಗನ್' ನಿದರ್ಶನ. ಅದು ಆಂಡ್ರಾಯ್ಡ್ 4 ಮತ್ತು 5 ರ ಫೋನುಗಳನ್ನು ಒಡೆಯನಿಗೆ ತಿಳಿಯದಂತೆ ತಾನೇ ರೂಟ್ ಮಾಡಿ, ಹತ್ತು ಲಕ್ಷಕ್ಕೂ ಮಿಕ್ಕ ಗೂಗಲ್ ಖಾತೆಗಳೊಳಕ್ಕೆ ನುಗ್ಗಿತ್ತು. ಇನ್ನು ಕೆಲಸದ ನಡುವೆ ತಪ್ಪು ಕಡತವನ್ನು ಹಾಕಿದರೆ ಫೋನು ಏಳದೆ ಬರಿಯ ಇಟ್ಟಿಗೆಯಾಗುವುದೂ, ತಯಾರಕರು ದುರಸ್ತಿಯ ಭರವಸೆಯನ್ನು ಹಿಂತೆಗೆದುಕೊಳ್ಳಬಹುದೆಂಬುದೂ, ತಿದ್ದುಪಡಿಗಳು ತಾವಾಗಿ ಬಂದು ಕೂರುವುದು ತಪ್ಪುವುದೂ ಹುಡುಗರೆಲ್ಲರಿಗೂ ಗೊತ್ತು. ಸ್ಯಾಮ್‌ಸಂಗ್ ಫೋನುಗಳಲ್ಲಿ ನಾಕ್ಸ್ ಎಂಬ ರಕ್ಷಣೆಗೆ ಸೇರಿದ ಸೂಕ್ಷ್ಮವಾದ ಫ್ಯೂಸೊಂದು ಸುಟ್ಟುಹೋಗುವುದು. ಆಮೇಲೆ ಮೊದಲಿನ ವ್ಯವಸ್ಥೆಯನ್ನೇ ತಂದು ಕೂರಿಸಿದರೂ ಅದು ಕೂಡದು. 'ಸೆಕ್ಯೂರ್ ಫೋಲ್ಡರ್' ಎಂಬ ಅದರ ಭದ್ರವಾದ ಪೆಟ್ಟಿಗೆಯು ಮತ್ತೆ ಎಂದಿಗೂ ತೆರೆಯದು.

ಗೃಹಸ್ಥನಿಗೆ ಎಲ್ಲಕ್ಕಿಂತ ಹತ್ತಿರವಾದ ತೊಡಕು ಹಣದ್ದು. 2016 ರಲ್ಲಿ ಯುಪಿಐ ಬಂದಂದಿನಿಂದ ತರಕಾರಿಯವಳಿಗೂ ಫೋನಿನಿಂದಲೇ ಹಣ ಕೊಡುವವರು ನಾವು. ಬ್ಯಾಂಕಿನ ಆ್ಯಪುಗಳಲ್ಲಿ ಹಲವು, ರೂಟ್ ಆದ ಫೋನಿನಲ್ಲಿ ನಡೆಯಲು ಒಪ್ಪುವುದಿಲ್ಲ. ಗೂಗಲಿನ 'ಪ್ಲೇ ಇಂಟೆಗ್ರಿಟಿ' ಎಂಬ ಸೇವೆಯ ಮೂಲಕ ಅವು ಫೋನಿನ ನಡತೆಯನ್ನು ವಿಚಾರಿಸಿಕೊಳ್ಳುತ್ತವೆ. ಉತ್ಸಾಹಿಗಳು ರೂಟ್ ಆಗಿರುವುದನ್ನು ಮರೆಮಾಚಲು ಒಂದು ಉಪಾಯ ಹೂಡಿದರೆ ಗೂಗಲಿನವರು ಇನ್ನೊಂದನ್ನು ಹೂಡುವರು. ಈ ತಿಂಗಳು ತೆರೆದ ಬ್ಯಾಂಕು ಮುಂದಿನ ತಿಂಗಳು ತೆರೆಯದೆ ಹೋಗಬಹುದು. ಇದರಲ್ಲಿ ನನಗೆ ಕುತೂಹಲವೆನಿಸಿದುದೇನೆಂದರೆ, ಮೂಲಾಧಿಕಾರಿಯೂ ಪ್ರವೇಶಿಸಲಾರದ ಗರ್ಭಗೃಹವೊಂದು ಫೋನಿನ ಚಿಪ್ಪಿನೊಳಗೆ ಪ್ರತ್ಯೇಕವಾಗಿದೆ. ಅದರಲ್ಲಿ ತಯಾರಕರು ಇಟ್ಟ ರಹಸ್ಯ ಕೀಲಿಯಿರುವುದು. 'ಹೆಬ್ಬಾಗಿಲು ತೆರೆದಿದೆ' ಎಂಬ ಪ್ರಮಾಣಪತ್ರಕ್ಕೆ ಆ ಕೀಲಿಯೇ ಮುದ್ರೆಯೊತ್ತುವುದು. ಸರ್ವಾಧಿಕಾರಿಯೆಂದುಕೊಂಡವನ ತಲೆಯ ಮೇಲೆ ಇನ್ನೊಬ್ಬನಿದ್ದಾನೆ. ಹಾಗೆಯೇ ದೂರವಾಣಿಯ ಅಲೆಗಳನ್ನು ನಡೆಸುವ ಭಾಗದ ತಂತ್ರಾಂಶವೂ ತಯಾರಕರ ಮುದ್ರೆಯೊಳಗೇ ಉಳಿಯುವುದು. ಹಳೆಯ ಚಿಪ್ಪು ಹಳೆಯದಾಗಿಯೇ ಇರುವುದು.

ಕೊಂಡ ವಸ್ತುವಿನ ಬೀಗದಕೈಯನ್ನು ಕೊಂಡವನಿಗೆ ಕೊಡದಿರುವುದು ನ್ಯಾಯವಲ್ಲವೆಂದೇ ನಾನು ಈಗಲೂ ಹೇಳುವೆನು. ಆದರೂ ಪಿಂಚಣಿ ಬರುವ, ಮಕ್ಕಳ ಶುಲ್ಕ ಹೋಗುವ, ಆಸ್ಪತ್ರೆಯವರು ಕರೆಯುವ ಫೋನನ್ನು ರೂಟ್ ಮಾಡಬಾರದೆಂಬುದೂ ನನ್ನ ಅಭಿಪ್ರಾಯ. ಎರಡನೆಯ ಫೋನು ಹಳೆಯದಾಗಿ ಮೂಲೆ ಸೇರಿದ್ದರೆ, ಮನೆಯಲ್ಲಿ ಕಲಿಯಬಯಸುವ ಹುಡುಗರಿದ್ದರೆ, ಅದರ ಮೇಲೆ ಕೈಯಾಡಿಸಲಿ. ಗಣಕಶಾಸ್ತ್ರವನ್ನು ಕಲಿಯಲು ಅದಕ್ಕಿಂತ ಅಗ್ಗದ ಶಾಲೆಯಿಲ್ಲ. ಅದಕ್ಕೆ ಮೊದಲು ಮನೆಯವರೆಲ್ಲರನ್ನೂ ಕರೆದು, ಇದರಲ್ಲಿ ಯಾರ ಯಾರದು ಏನೇನಿದೆಯೆಂದು ಕೇಳಬೇಕು. ತಂತಿಯಿಂದ ಕಾಣುವುದನ್ನು ಇಳಿಸಿಕೊಂಡರೆ ಸಾಲದು. ಒಂದೊಂದು ಆ್ಯಪನ್ನೂ ತೆರೆದು ನೋಡಬೇಕು.

ನನ್ನ ಹಳೆಯ ಫೋನು ಈಗ ಮೇಜಿನ ಮೇಲಿದೆ. ಜಾಹೀರಾತಿಲ್ಲ, ಬೇಡದ ಆ್ಯಪುಗಳಿಲ್ಲ, ನಿಘಂಟುಗಳು ಚುರುಕಾಗಿ ತೆರೆಯುತ್ತವೆ. ಒತ್ತಕ್ಷರಗಳೂ ತಮ್ಮ ತಮ್ಮ ಸ್ಥಾನದಲ್ಲಿಯೇ ಕೂಡುತ್ತವೆ. ಹಣದ ವ್ಯವಹಾರವು ಇನ್ನೊಂದು ಫೋನಿನಲ್ಲಿ. ಮಗಳು ಸಂಕ್ರಾಂತಿಗೆ ಬಂದಿದ್ದಾಗ ಪುಡಿಯ ಪ್ರಮಾಣವನ್ನು ಕೇಳಿದಳು. ನಡೆದುದನ್ನು ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಕಾಗದವನ್ನು ತಂದು ನನ್ನ ಮುಂದಿಟ್ಟು, "ನಿಮಗೆ ನೆನಪಿರುವಷ್ಟನ್ನು ಹೇಳಿ ಅಪ್ಪ, ಬರೆದುಕೊಳ್ಳುತ್ತೇನೆ" ಎಂದಳು. ಧನಿಯ, ಮೆಣಸಿನಕಾಯಿ, ಮೆಂತ್ಯದವರೆಗೆ ಹೇಳಿದೆನು. ಮೆಣಸು ಎಷ್ಟೆಂಬುದರಲ್ಲಿ ನಮ್ಮಿಬ್ಬರಿಗೂ ಒಮ್ಮತವಾಗಲಿಲ್ಲ.