ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ನಮ್ಮ ಬಿಡಾರ

ಬರುವ ಕಾರಹುಣ್ಣಿಮೆಯ ಮುಂಗಾರು ಹಬ್ಬದ ಕಾಲಕ್ಕೆ ರಾಯಚೂರಿನಲ್ಲಿ ಸಂಘದ ವತಿಯಿಂದ ಮೂರು ದಿನಗಳ ಬಿಡಾರವೊಂದನ್ನು ಹೂಡಬೇಕೆಂದು ಆಡಳಿತ ಮಂಡಲಿ ತೀರ್ಮಾನಿಸಿರುವುದು ಸದಸ್ಯ ಬಾಂಧವರಲ್ಲಿ ಹಲವರ ಕಿವಿಗೆ ಈಗಾಗಲೇ ಬಿದ್ದಿದೆ. "ಕಾಫಿ ಗಿಡ ಒಂದೂ ಇಲ್ಲದ ಊರಿಗೆ, ಅದೂ ಅಡಿಕೆಗೆ ಔಷಧಿ ಹೊಡೆಯುವ ದಿನಗಳಲ್ಲಿ ಹೋಗಿ ಮಾಡುವುದೇನು?" ಎಂದು ಕೆಲವರು ಕಚೇರಿಗೆ ಬಂದು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವಾಗಿ, ಈ ಯೋಚನೆ ಹುಟ್ಟಿದ ಬಗೆಯನ್ನೂ ಅದು ನಡುದಾರಿಯಲ್ಲಿ ತಿರುಗಿಕೊಂಡ ಬಗೆಯನ್ನೂ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ರಾಯಚೂರಿನ ಮುಂಗಾರು ಸಾಂಸ್ಕೃತಿಕ ಹಬ್ಬ ಮುನ್ನೂರು ಕಾಪು ಸಮಾಜದವರು ನಡೆಸಿಕೊಂಡು ಬಂದಿರುವ ಹಬ್ಬ. ಎರಡು ದಶಕಗಳಿಗೂ ಮೇಲಾಯಿತು. ಜ್ಯೇಷ್ಠದ ಹುಣ್ಣಿಮೆಗೆ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು ಮೆರೆಸುವುದು ಆ ಸೀಮೆಯ ಹಳೆಯ ಪದ್ಧತಿ. ಅದರ ಜೊತೆಗೆ ರಾಜೇಂದ್ರ ಗಂಜಿನ ಬಯಲಿನಲ್ಲಿ ಎತ್ತಿನ ಜೋಡಿಗಳು ಟನ್ನುಗಟ್ಟಲೆ ತೂಗುವ ಕಲ್ಲನ್ನು ಎಳೆಯುವ ಪಂದ್ಯ, ಕುಸ್ತಿ, ಗುಂಡು ಎತ್ತುವ ಪಂದ್ಯ, ರಾತ್ರಿ ಬಯಲು ವೇದಿಕೆಯಲ್ಲಿ ನಾನಾ ಕಡೆಯ ಕಲಾತಂಡಗಳ ಕುಣಿತ ಮತ್ತು ಸಂಗೀತ ನಡೆಯುತ್ತವೆ. ನೆರೆಯ ಆಂಧ್ರ ಮತ್ತು ತೆಲಂಗಾಣಗಳಿಂದಲೂ ಎತ್ತುಗಳು ಬರುತ್ತವೆ. ಕಳೆದ ವರ್ಷ ಅದನ್ನು ನೋಡಿಬರಲು ನಮ್ಮ ಉಪಸಮಿತಿ ಹೋಗಿತ್ತು. ಇಲ್ಲಿ ನಾವು ಕಂಬಳಿಕೊಪ್ಪೆ ಹಾಕಿಕೊಂಡು ಹೊರಟವರು, ಅಲ್ಲಿ ಇಳಿದಾಗ ಅಂಗಿಯೂ ಭಾರವೆನಿಸಿತು.

ನಮ್ಮ ಮೊದಲ ಯೋಜನೆ ಸುಲಭದ್ದಾಗಿತ್ತು. ಚಪ್ಪರ ಹಾಕುವುದು, ಮಲೆನಾಡಿನ ಬೆಟ್ಟ ಮತ್ತು ತೋಟಗಳ ದೊಡ್ಡ ಚಿತ್ರಗಳನ್ನು ತೂಗುಹಾಕುವುದು, ಬಾಬಾಬುಡನ್ ಗಿರಿಗೆ ಏಳು ಬೀಜ ಬಂದ ಕಥೆಯನ್ನು ಫಲಕದಲ್ಲಿ ಬರೆಸುವುದು, ಯಕ್ಷಗಾನದ ತುಣುಕೊಂದನ್ನು ಆಡಿಸುವುದು, ಪುಡಿಯ ಪೊಟ್ಟಣ ಮಾರುವುದು. 2016ರ ಡಿಸೆಂಬರ್ ತಿಂಗಳಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ 82ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲೇ ನಡೆದಿತ್ತು. ದೊಡ್ಡ ಸೇರುವಿಕೆಯನ್ನು ಸುಧಾರಿಸಿ ಅಭ್ಯಾಸವಿರುವ ಊರು, ನಮ್ಮ ಮಳಿಗೆಗೂ ಜನ ಬಂದೇ ಬರುತ್ತಾರೆಂದು ಧೈರ್ಯವಾಗಿ ಇದ್ದೆವು.

ಯುವ ಸದಸ್ಯರೊಬ್ಬರು ಮಾತ್ರ ಇದಕ್ಕೆ ಒಪ್ಪಲಿಲ್ಲ. ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಬರ್ನಿಂಗ್ ಮ್ಯಾನ್ ಎಂಬ ಕಲಾಮೇಳ ವರ್ಷಕ್ಕೊಮ್ಮೆ ಸೇರುತ್ತದೆ. 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಡಲತೀರದಲ್ಲಿ ಹುಟ್ಟಿ 1990ರಲ್ಲಿ ಮರುಭೂಮಿಗೆ ಹೋದ ಮೇಳವದು. ಅಲ್ಲಿ ಗುಂಪುಗುಂಪಾಗಿ ಬಂದವರು ತಮತಮಗೆ ತೋಚಿದ ವಿಷಯ ಹಿಡಿದು ಬಿಡಾರ ಹೂಡುತ್ತಾರೆ. ಬಂದವನು ನಿಂತು ನೋಡಿ ಹೋಗುವಂತಿಲ್ಲ, ಕೈಹಾಕಿ ಏನಾದರೂ ಮಾಡಬೇಕು. ವ್ಯಾಪಾರವೂ ಇಲ್ಲ. ಹಲವು ವರ್ಷಗಳ ಕಾಲ ಅಲ್ಲಿ ದುಡ್ಡಿಗೆ ಸಿಗುತ್ತಿದ್ದುದು ಮಂಜುಗಡ್ಡೆ ಮತ್ತು ಕಾಫಿ ಎಂದು ಅವರು ಹೇಳಿದಾಗ ಸಭೆ ನಕ್ಕಿತು. "ನಾವು ಕಾಫಿಯವರು, ನಾವಾದರೂ ಮಾರದೆ ಇರೋಣ. ಜನರ ಕೈಯಲ್ಲೇ ಕಾಫಿ ಮಾಡಿಸೋಣ" ಎಂಬುದು ಅವರ ಸಲಹೆ. ಮಾತು ಅಲ್ಲಿಗೇ ನಿಂತಿತು.

ಅದು ಮುಂದೆ ಸಾಗಿದ್ದು ರೊಬಸ್ಟಾ ಕೊಯ್ಲಿನ ಕಾಲಕ್ಕೆ. ನಮ್ಮಲ್ಲಿ ಹಲವರ ತೋಟಗಳಿಗೆ ಸುಗ್ಗಿಯಲ್ಲಿ ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳಿಂದ ಆಳುಗಳು ಬರುವುದು ಸದಸ್ಯರಿಗೆ ತಿಳಿದೇ ಇದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಸೀಮೆಯಾದರೂ ಕಾಲುವೆಯ ಕೊನೆಭಾಗದಲ್ಲಿ ನೀರಿಗೆ ಪರದಾಟ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೊರಡುವ ಸಂಸಾರಗಳು ಎಷ್ಟೋ. ನಮ್ಮ ತೋಟಕ್ಕೆ ಆರು ಸುಗ್ಗಿಗಳಿಂದ ಬರುತ್ತಿರುವ ದೇವದುರ್ಗದ ಕಡೆಯ ಹೆಣ್ಣುಮಗಳೊಬ್ಬಳಿಗೆ ಬಿಡಾರದ ವಿಚಾರ ಹೇಳಿ, "ನಿಮ್ಮೂರ ಹಬ್ಬಕ್ಕೆ ಬರ್ತೀವಿ ಕಣಮ್ಮಾ, ಕಾಫಿ ತೋರಿಸೋದಕ್ಕೆ" ಎಂದೆವು. ಆಕೆ ಹಣ್ಣಿನ ಚೀಲವನ್ನು ಕೆಳಗಿಟ್ಟು ಹೇಳಿದ ಮಾತು ಇದು:

"ಹಣ್ಣು ಹರಿಯೂದು ನಮಗ ಗೊತ್ತೈತ್ರಿ ಸಾವ್ಕಾರ್ರ. ಆದ್ರ ಅದು ಪುಡಿ ಹೆಂಗ ಆಗತೈತಿ ಅಂತ ಆರು ವರ್ಷದಾಗ ಒಂದಿನಾನೂ ನೋಡಿಲ್ರಿ. ಮೂಟಿ ಕಟ್ಟಿ ಲಾರಿಗೆ ಹಾಕಿದ್ರ ಮುಗೀತು. ಊರಾಗ ಮಕ್ಕಳು ಕೇಳ್ತಾವ, ಯವ್ವಾ ನೀ ಅಲ್ಲಿ ಏನ್ ಮಾಡ್ತಿ ಅಂತ. ಹೆಂಗ ತೋರಸೂದ್ರಿ?"

ನಾವು ಉತ್ತರವಿಲ್ಲದೆ ನಿಂತೆವು. ಇಷ್ಟು ವರ್ಷ ನಮ್ಮ ಕಾಫಿಯನ್ನು ಕೈಯಾರೆ ಕಿತ್ತವರ ಊರಿಗೆ ಹೋಗಿ, ಅವರ ಮಕ್ಕಳೆದುರು ಬೆಟ್ಟದ ಚಿತ್ರ ತೂಗುಹಾಕಿ, ಅವರಿಗೇ ಪೊಟ್ಟಣ ಮಾರಲು ಹೊರಟಿದ್ದೆವಲ್ಲ!

ಮೊದಲ ಯೋಜನೆ ಬಿದ್ದುಹೋದದ್ದು ಅಂದೇ. ಈಗಿನದು ಹೀಗಿದೆ. ಬಿಡಾರದ ವಿಷಯ ಒಂದೇ: ಹಣ್ಣಿನಿಂದ ಬಟ್ಟಲಿನವರೆಗೆ. ಬಂದವರು ಐದು ಕಡೆ ಕೂತು ಕೈಯಾರೆ ಕೆಲಸ ಮಾಡುತ್ತಾರೆ, ಕೊನೆಯಲ್ಲಿ ತಾವೇ ಮಾಡಿದ ಕಾಫಿ ಕುಡಿಯುತ್ತಾರೆ. ಒಳ್ಳೆಯ ಸಂಗತಿಯೆಂದರೆ, ಇದಕ್ಕೆ ಬೇಕಾದ ಸಾಮಾನೆಲ್ಲ ಜೋಳ ಉಣ್ಣುವ ಮನೆಗಳ ಸಾಮಾನೇ. ಒಣ ಚೆರಿಯನ್ನು ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿದರೆ ಸಿಪ್ಪೆ ಬಿಡುತ್ತದೆ. ಮೊರದಲ್ಲಿ ಕೇರಿದರೆ ಬೀಜ ಉಳಿಯುತ್ತದೆ. ಹೆಂಚಿನಲ್ಲಿ ಹುರಿದು ಬೀಸುಕಲ್ಲಿನಲ್ಲಿ ಬೀಸಿದರೆ ತರಿಪುಡಿಯಾಗುತ್ತದೆ. ಕೇರುವುದರಲ್ಲಿ ಮತ್ತು ಬೀಸುವುದರಲ್ಲಿ ಅಲ್ಲಿಯ ಹೆಂಗಸರು ನಮಗಿಂತ ನುರಿತವರು. ಒಂದು ಎಚ್ಚರಿಕೆ ಮಾತ್ರ ಬೇಕು. ಹುರಿದ ಕಾಫಿಯ ಎಣ್ಣೆ ಮತ್ತು ವಾಸನೆ ಕಲ್ಲಿಗೆ ಹಿಡಿಯುವುದರಿಂದ ಯಾರ ಮನೆಯ ಕಲ್ಲನ್ನೂ ಎರವಲು ತರಕೂಡದು, ಬೇರೆಯೇ ಕೊಳ್ಳಬೇಕು.

ಸದಸ್ಯರು ಲೆಕ್ಕ ಕೇಳುತ್ತಾರೆ, ಕೇಳಬೇಕು. 50 ಕಿಲೋ ಒಣ ಚೆರಿ ಕುಟ್ಟಿದರೆ ಸುಮಾರು 25 ಕಿಲೋ ಬೀಜ. ಹುರಿದಾಗ ತೂಕದಲ್ಲಿ ಐದರಲ್ಲೊಂದು ಪಾಲು ಹೋಗುತ್ತದೆಂದು ಹಿಡಿದರೆ 20 ಕಿಲೋ ಪುಡಿ. ಬಟ್ಟಲಿಗೆ 10 ಗ್ರಾಮಿನಂತೆ 2,000 ಬಟ್ಟಲು. ಎಂದರೆ ಮೂರು ದಿನಕ್ಕೆ ಒಂದೇ ಒಂದು ಮೂಟೆ ಚೆರಿ ಸಾಕು. ಬಿಸಿಲಿಗೆ ಹಾಲು ಕೆಡುವ ಭಯವಿರುವುದರಿಂದ ನಮ್ಮ ಮನೆಗಳಂತೆ ಬೆಲ್ಲದ ಕಪ್ಪು ಕಾಫಿಯನ್ನೇ ಕೊಡುವುದು. ಚಹಾ ಕುಡಿದು, ಮಂಡಾಳ ಒಗ್ಗರಣೆ ಮಿರ್ಚಿ ತಿನ್ನುವ ಊರಿನಲ್ಲಿ ಅದು ರುಚಿಸೀತೇ ಎಂಬ ಶಂಕೆ ಕೆಲವರಿಗಿದೆ. ರುಚಿಸದಿದ್ದರೆ ಅದೂ ನಾವು ತಿಳಿಯಬೇಕಾದ ವಿಷಯವೇ.

ತೊಡಕುಗಳೂ ಇವೆ. ಜೂನ್ ತಿಂಗಳಲ್ಲಿ ಗಿಡದಲ್ಲಿರುವುದು ಹಸಿರು ಕಾಯಿ, ಕೆಂಪು ಹಣ್ಣು ಎಲ್ಲಿಂದ ತರುವುದು? ಮಕ್ಕಳಿಗಾಗಿ ಕೆಂಪು, ಹಸಿರು ಮತ್ತು ಕಪ್ಪು ಬಣ್ಣ ಬಳಿದ ಮರದ ಮಣಿಗಳನ್ನು ಕೊಂಬೆಗಳಿಗೆ ಪೋಣಿಸಿ, ಕೆಂಪನ್ನಷ್ಟೇ ಬಿಡಿಸಿ ಚೀಲಕ್ಕೆ ಹಾಕುವ ಆಟ ಹೂಡಲಿದ್ದೇವೆ. ಬಂದವರಿಗೆಲ್ಲ ಒಂದೊಂದು ಕಾಫಿ ಸಸಿ ಕೊಟ್ಟು ಕಳುಹಿಸೋಣವೆಂದು ನಿರ್ದೇಶಕರೊಬ್ಬರು ಸೂಚಿಸಿದರು. ಅರೇಬಿಕಾಕ್ಕೆ ತಂಪು ಬೇಕು, ರೊಬಸ್ಟಾ ಕೂಡ ಆ ಬಿಸಿಲನ್ನು ತಾಳಲಾರದು. ವಾರದಲ್ಲಿ ಒಣಗುವ ಸಸಿಯನ್ನು ಉಡುಗೊರೆ ಎಂದು ಕೊಡುವುದು ಸರಿಯಲ್ಲವೆಂದು ಅದನ್ನು ಕೈಬಿಟ್ಟೆವು. ಒಲೆಗಳು ಇರುವುದರಿಂದ ತಗಡಿನ ಮಾಡು, ಮರಳು ತುಂಬಿದ ಬಕೆಟ್ಟು ಮತ್ತು ನೀರಿನ ಪೀಪಾಯಿಗಳು ಕಡ್ಡಾಯ. ಹೊಗೆಗೆ ಎತ್ತುಗಳು ಬೆದರದಂತೆ ಪಂದ್ಯದ ಕಣದಿಂದ ದೂರವಿರುವ ಜಾಗವನ್ನೇ ಹಬ್ಬದ ಸಂಘಟಕರಲ್ಲಿ ಕೇಳಿಕೊಳ್ಳಬೇಕಾಗಿದೆ. ಮಧ್ಯಾಹ್ನ 12ರಿಂದ 4ರವರೆಗೆ ಬಿಡಾರ ಮುಚ್ಚಿರುತ್ತದೆ.

ಇನ್ನು ಅಡಿಕೆ. ಇಲ್ಲಿ ಮಂಡಲಿಯಲ್ಲಿ ಕಾವೇರಿದ ಚರ್ಚೆಯೇ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ನಮ್ಮ ಜೀವನ ನಡೆಯುವುದು ಅಡಿಕೆಯಿಂದ ಎಂಬುದು ಎಷ್ಟು ಸತ್ಯವೋ, ಮಕ್ಕಳು ಸೇರುವ ಬಿಡಾರದಲ್ಲಿ ತಿನ್ನಲು ಅಡಿಕೆ ಹಂಚಬಾರದೆಂಬುದೂ ಅಷ್ಟೇ ಸತ್ಯವೆಂದು ಕೊನೆಗೆ ಎಲ್ಲರೂ ಒಪ್ಪಿದರು. ಅಡಿಕೆಯ ಪಾಲಿಗೆ ಹಾಳೆ ಬರುತ್ತದೆ. ನೆನೆಸಿ ಮೆದುವಾದ ಹಾಳೆಯನ್ನು ಕತ್ತರಿಸಿ ಬೀಸಣಿಗೆ ಮತ್ತು ಟೊಪ್ಪಿ ಮಾಡಿಕೊಳ್ಳುವುದನ್ನು ಕಲಿಸುವುದು. ಆ ಸೆಖೆಯಲ್ಲಿ ಬೀಸಣಿಗೆಗೆ ಬೆಲೆ ಇದ್ದೇ ಇದೆ.

ಮೂರು ನಿಯಮಗಳನ್ನು ಮಂಡಲಿ ಗೊತ್ತುಪಡಿಸಿದೆ. ಮೊದಲನೆಯದು, ಬಿಡಾರದಲ್ಲಿ ಏನನ್ನೂ ಮಾರತಕ್ಕದ್ದಲ್ಲ. ಎರಡನೆಯದು, ಐದು ಕಡೆಯೂ ಕೂತು ಕಲಿಸುವವರು ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳಿಂದ ನಮ್ಮ ತೋಟಗಳಿಗೆ ಬರುವವರೇ. ಹಬ್ಬದ ಹೊತ್ತಿಗೆ ಅವರು ತಮ್ಮ ಊರುಗಳಲ್ಲೇ ಇರುತ್ತಾರೆ. ಬಿತ್ತನೆಯ ಕಾಲವಾದ್ದರಿಂದ ಬಿಡುವಿದ್ದವರು ಮಾತ್ರ ಬರಲಿ, ಬಂದವರಿಗೆ ತೋಟದ ದರಕ್ಕೆ ಕಡಿಮೆಯಿಲ್ಲದ ದಿನಗೂಲಿ, ಊಟ ಮತ್ತು ಬಸ್ಸಿನ ವೆಚ್ಚ ಸಂಘದ್ದು. ಮೂರನೆಯ ನಿಯಮದ ಬಗ್ಗೆ ಅಸಮಾಧಾನವಿರುವುದನ್ನು ಬಲ್ಲೆವು. "ಅಷ್ಟು ದೂರ ಹೋಗುತ್ತೀರಿ, ಮುಂದಿನ ಸುಗ್ಗಿಗೆ ಆಳುಗಳ ಹೆಸರು ಬರೆದುಕೊಂಡು, ಮುಂಗಡ ಕೊಟ್ಟು ಬನ್ನಿ" ಎಂದವರಿದ್ದಾರೆ. ಆಳಿನ ಕೊರತೆ ನಮಗೂ ಇದೆ, ಕೊಯ್ಯುವವರಿಲ್ಲದೆ ಹಣ್ಣು ನೆಲಕ್ಕುದುರಿದ್ದನ್ನು ನಾವೂ ಕಂಡಿದ್ದೇವೆ. ಆದರೂ ಬಿಡಾರದಲ್ಲಿ ಹೆಸರು ಬರೆಯುವ ಪುಸ್ತಕ ತೆರೆದರೆ ಅದು ಹಬ್ಬದ ಬಿಡಾರವಾಗಿ ಉಳಿಯುವುದಿಲ್ಲ, ಮೇಸ್ತ್ರಿಯ ಕಟ್ಟೆಯಾಗುತ್ತದೆ. ಆದ್ದರಿಂದ ಮೂರು ದಿನವೂ ಆ ಮಾತು ಎತ್ತತಕ್ಕದ್ದಲ್ಲ.

ಆದರೆ ಅವರು ಮಾತೆತ್ತಿದರೆ? ಕೂಲಿ ಎಷ್ಟು, ಇರಲು ಮನೆ ಹೇಗಿದೆ, ಮಕ್ಕಳಿಗೆ ಶಾಲೆ ಇದೆಯೇ ಎಂದು ಬಂದವರು ಕೇಳಿಯೇ ಕೇಳುತ್ತಾರೆ. ಉತ್ತರ ಹೇಳುವವರು ನಾವಲ್ಲ, ಕಲಿಸಲು ಕೂತ ನಮ್ಮ ಆಳುಗಳು. ಅವರು ಕಂಡದ್ದನ್ನು ಕಂಡಂತೆ ಹೇಳುತ್ತಾರೆ. ಸೋರುವ ಮಾಡನ್ನೂ ಹೇಳುತ್ತಾರೆ, ಹೊತ್ತಿಗೆ ಸರಿಯಾಗಿ ಬಟವಾಡೆ ಮಾಡಿದ್ದನ್ನೂ ಹೇಳುತ್ತಾರೆ. ಬಿಡಾರಕ್ಕೆ ನಿಜವಾದ ತಯಾರಿ ನಡೆಯಬೇಕಾದದ್ದು ರಾಯಚೂರಿನಲ್ಲಲ್ಲ, ನಮ್ಮ ನಮ್ಮ ತೋಟಗಳ ಲೈನುಗಳಲ್ಲಿ ಎಂದು ನಮಗೆ ತೋರುವುದು ಇದಕ್ಕಾಗಿಯೇ.

ಯಕ್ಷಗಾನದ ತುಣುಕನ್ನೂ ಬಿಟ್ಟಿದ್ದೇವೆ. ಚೀಕಲಪರ್ವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಮತ್ತು ಮಸರಕಲ್ಲಿನ ಗೋಪಾಲದಾಸರು ಹಾಡಿ ನಡೆದಾಡಿದ ಸೀಮೆಗೆ ನಾವು ಕಲೆ ಹೊತ್ತುಕೊಂಡು ಹೋಗಬೇಕಾಗಿಲ್ಲ. ಬೀಸುಕಲ್ಲು ಸುತ್ತುವಾಗ ಅಲ್ಲಿಯ ಹೆಂಗಸರು ಹಾಡಿದರೆ ಕೂತು ಕೇಳೋಣ.

ಲಾರಿ ಸಿಂಧನೂರು ಮತ್ತು ಮಾನ್ವಿಗಳ ಮೇಲೆ ಹೋಗುತ್ತದೆ. ಮಾನ್ವಿಯವರು ದಾರಿಯಲ್ಲೇ ಕೂಡಿಕೊಳ್ಳುತ್ತಾರೆ, ದೇವದುರ್ಗದವರು ಬಸ್ಸಿನಲ್ಲಿ ಬರುತ್ತಾರೆ. ಸದಸ್ಯರಿಂದ ಬೇಕಾಗಿರುವುದು ಇಷ್ಟು: ಮಳೆ ತಾಗದ ಒಳ್ಳೆಯ ಹಾಳೆಗಳು, ಹಳೆಯ ಒರಳು ಮತ್ತು ಒನಕೆ, ಮತ್ತು ಔಷಧಿ ಹೊಡೆಯುವ ಕೆಲಸ ಮುಗಿಸಿಕೊಂಡು ಮೂರು ದಿನ ಬರಬಲ್ಲ ನಾಲ್ವರು. ಬರುವವರು ಅಲ್ಲಿ ಮಾಡುವ ಕೆಲಸ ನೀರು ಹೊರುವುದು ಮತ್ತು ಬಟ್ಟಲು ತೊಳೆಯುವುದು. ಒಪ್ಪುವವರು ಕಚೇರಿಯಲ್ಲಿ ಹೆಸರು ಕೊಡಬಹುದು. ನಮ್ಮ ಹೆಸರನ್ನು ಮೊದಲೇ ಬರೆದಿಟ್ಟಿದ್ದೇವೆ.