ಟ್ಯಾಂಕಿನಿಂದ ಎಂಜಿನ್ನಿಗೆ ಮೂರು ಮೀಟರ್

1962ರಲ್ಲಿ ಅಮೆರಿಕದ ರೇಸ್ ಚಾಲಕ ಕ್ಯಾರಲ್ ಶೆಲ್ಬಿ ಬ್ರಿಟನ್ನಿನ ಎಸಿ ಕಂಪನಿಯ ಹಗುರವಾದ ಕಾರಿಗೆ ಫೋರ್ಡಿನ ಎಂಟು ಸಿಲಿಂಡರ್ ಎಂಜಿನ್ ಕೂರಿಸಿದ. ಅದೇ ಕೋಬ್ರಾ. ಆಗ ತಯಾರಾದವು ಸಾವಿರದ ಆಸುಪಾಸು. ಇವತ್ತು ರಸ್ತೆಯಲ್ಲಿ ಕಾಣುವ ಕೋಬ್ರಾಗಳಲ್ಲಿ ಬಹುಪಾಲು ಯಾರೋ ತಮ್ಮ ಮನೆಯ ಗ್ಯಾರೇಜಿನಲ್ಲಿ ಜೋಡಿಸಿದ ಪ್ರತಿರೂಪಗಳು. ಮ್ಯಾಸಚೂಸೆಟ್ಸ್ ರಾಜ್ಯದ ವೇರ್‌ಹ್ಯಾಮಿನಲ್ಲಿರುವ ಫ್ಯಾಕ್ಟರಿ ಫೈವ್ ಎಂಬ ಕಂಪನಿ 1995ರಿಂದ ಚಾಸಿ, ಮೈಕವಚ, ಸಣ್ಣಪುಟ್ಟ ಸಾಮಾನುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಳಿಸುತ್ತದೆ. ಎಂಜಿನ್, ಗೇರ್‌ಬಾಕ್ಸುಗಳನ್ನು ಕೊಂಡವರೇ ಹೊಂದಿಸಿಕೊಳ್ಳಬೇಕು. ಫೋರ್ಡಿನ ಹಳೆಯ ಮಸ್ಟಾಂಗ್ ಕಾರೊಂದನ್ನು ಬಿಚ್ಚಿ ಅದರ ಭಾಗಗಳನ್ನು ಇದಕ್ಕೆ ಹಾಕುವುದು ಬಹಳ ಕಾಲದಿಂದ ಬಂದ ರೂಢಿ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಾರಿನ ಮೂಲ ರೂಪ ಬದಲಿಸಲು ಬಿಡುವುದಿಲ್ಲ, ಹಾಗಾಗಿ ಈ ಹುಚ್ಚು ಇಲ್ಲಿ ಅಷ್ಟಾಗಿ ಬೆಳೆದಿಲ್ಲ.

ಇಂಥ ಕಾರು ಕಟ್ಟುವವರು ಅಶ್ವಶಕ್ತಿಯ ಬಗ್ಗೆ, ಬಣ್ಣದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಹಿಂದಿನ ಟ್ಯಾಂಕಿನಿಂದ ಮುಂದಿನ ಎಂಜಿನ್ನಿಗೆ ಪೆಟ್ರೋಲು ಒಯ್ಯುವ ಮೂರು ಮೀಟರ್ ಪೈಪಿನ ಮಾತು ಬಂದರೆ ಕೇಳುವುದು ಒಂದೇ ಪ್ರಶ್ನೆ: ಎಷ್ಟು ದಪ್ಪದ್ದು ಹಾಕಲಿ?

ಲೆಕ್ಕ ಹಾಕಿ ನೋಡೋಣ. 400 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ನಿಮಿಷಕ್ಕೆ ಸುಮಾರು 2 ಲೀಟರ್ ಕುಡಿಯುತ್ತದೆ. ಒಳಗೆ 8 ಮಿಲಿಮೀಟರ್ ಅಗಲವಿರುವ ಪೈಪಿನಲ್ಲಿ ಅಷ್ಟು ಪೆಟ್ರೋಲು ಸಾಗಲು ಸೆಕೆಂಡಿಗೆ 65 ಸೆಂಟಿಮೀಟರ್ ವೇಗ ಸಾಕು. ಆರಾಮಾಗಿ ನಡೆಯುವ ಮನುಷ್ಯ ಇದಕ್ಕಿಂತ ಬೇಗ ಹೋಗುತ್ತಾನೆ. ಅಂದರೆ ದಪ್ಪ ದೊಡ್ಡ ಸಮಸ್ಯೆಯೇ ಅಲ್ಲ. ಸಮಸ್ಯೆ ಇರುವುದು ಇನ್ನೊಂದು ತುದಿಯಲ್ಲಿ. ಸಿಗ್ನಲ್ಲಿನಲ್ಲಿ ನಿಂತು ಗುರುಗುಡುವಾಗ ಅದೇ ಎಂಜಿನ್ನಿಗೆ ಗಂಟೆಗೆ 2 ಲೀಟರ್ ಸಾಕು. ಆಗ ಪೆಟ್ರೋಲು ಪೈಪಿನಲ್ಲಿ ಸೆಕೆಂಡಿಗೆ ಒಂದೇ ಸೆಂಟಿಮೀಟರಿನಷ್ಟು ತೆವಳುತ್ತದೆ. ಮೂರು ಮೀಟರ್ ದಾಟಲು ನಾಲ್ಕೂವರೆ ನಿಮಿಷ. ಕಾರು ನಿಂತಿದೆ, ಗಾಳಿ ಬೀಸುತ್ತಿಲ್ಲ, ಪಕ್ಕದಲ್ಲಿ ಕಾದ ಸೈಲೆನ್ಸರ್ ಪೈಪು. ಅಷ್ಟೂ ಹೊತ್ತು ಪೆಟ್ರೋಲು ಬಿಸಿಯಾಗುತ್ತಲೇ ಇರುತ್ತದೆ.

ಪೆಟ್ರೋಲು ನೀರಿನಂತೆ ಒಂದೇ ಉಷ್ಣತೆಯಲ್ಲಿ ಕುದಿಯುವ ದ್ರವವಲ್ಲ. ಅದು ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಹಗುರವಾದವು 35–40 ಡಿಗ್ರಿ ಸೆಲ್ಸಿಯಸ್ಸಿಗೇ ಆವಿಯಾಗತೊಡಗುತ್ತವೆ, ಭಾರದವು 200ರವರೆಗೂ ತಡೆಯುತ್ತವೆ. ಕಾರ್ಬೊರೇಟರ್ ಕಾಲದಲ್ಲಿ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು, ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿಕೊಳ್ಳುತ್ತಿತ್ತು. ಹೀರಿದಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಗುಳ್ಳೆ ಎದ್ದರೆ ಮುಗಿಯಿತು. ದ್ರವ ತಳ್ಳಲೆಂದು ಮಾಡಿದ ಪಂಪು ಆವಿಯನ್ನು ಹಿಗ್ಗಿಸಿ ಕುಗ್ಗಿಸುತ್ತ ಕೂರುತ್ತದೆ, ಎಂಜಿನ್ ನಿಲ್ಲುತ್ತದೆ. ಘಾಟಿ ಹತ್ತುವಾಗ ನಿಂತುಹೋದ ಹಳೆಯ ಅಂಬಾಸಡರಿನ ಬಾನೆಟ್ ಎತ್ತಿ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ ಡ್ರೈವರುಗಳು ಮಾಡುತ್ತಿದ್ದದ್ದು ಈ ಗುಳ್ಳೆಗೇ ಮದ್ದು.

ಹಾಗಾಗಿ ಮನೆಯಲ್ಲಿ ಕಾರು ಕಟ್ಟುವವನು ಮೊದಲು ತಿಳಿಯಬೇಕಾದದ್ದು ಪಂಪು ಎಲ್ಲಿರಬೇಕು ಎಂಬುದನ್ನು. ಟ್ಯಾಂಕಿನ ಒಳಗೆ, ಆಗದಿದ್ದರೆ ಟ್ಯಾಂಕಿನ ಪಕ್ಕದಲ್ಲೇ, ಅದರ ತಳಕ್ಕಿಂತ ಕೆಳಗೆ. ಆಗ ಹೀರುವ ದೂರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಉಳಿದದ್ದೆಲ್ಲ ನೂಕುವ ದಾರಿ. ಕಾರ್ಬೊರೇಟರಿನ ಬದಲು ಬಂದ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಆ ದಾರಿಯೊಳಗೆ ಸುಮಾರು 3 ಬಾರ್ ಒತ್ತಡವಿರುತ್ತದೆ. ಕುಕ್ಕರಿನೊಳಗೆ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಕೂತಿರುವಂತೆ ಇಲ್ಲಿ ಪೆಟ್ರೋಲು ಬಿಸಿಯಾದರೂ ದ್ರವವಾಗಿಯೇ ಉಳಿಯುತ್ತದೆ.

ತೆವಳುವ ಪೆಟ್ರೋಲಿನ ಸಮಸ್ಯೆಗೆ ಇನ್ನೊಂದು ಉಪಾಯ ಎರಡನೇ ಪೈಪು. ಹಳೆಯ ಇಂಜೆಕ್ಷನ್ ಮಸ್ಟಾಂಗಿನಲ್ಲಿ ಇದೇ ಏರ್ಪಾಡಿತ್ತು. ಪಂಪು ಸದಾ ಪೂರ್ತಿ ಹರಿವನ್ನು ಕಳಿಸುತ್ತದೆ, ಗಂಟೆಗೆ 255 ಲೀಟರಿನ ಪಂಪು ಇಂಥ ಕಾರುಗಳಲ್ಲಿ ಸಾಮಾನ್ಯ. ಎಂಜಿನ್ನಿನ ಹತ್ತಿರವಿರುವ ರೆಗ್ಯುಲೇಟರು ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಟ್ಯಾಂಕಿಗೆ ವಾಪಸು ಅಟ್ಟುತ್ತದೆ. ನಾಲ್ಕೂವರೆ ನಿಮಿಷದ ಪಯಣ ಮೂರು ಸೆಕೆಂಡಿಗೂ ಒಳಗೆ ಮುಗಿಯುತ್ತದೆ. ಆದರೆ ಎಂಜಿನ್ನಿನ ಶಾಖವನ್ನು ಹೊತ್ತು ಬಂದ ಪೆಟ್ರೋಲು ನಿಧಾನವಾಗಿ ಟ್ಯಾಂಕನ್ನೇ ಬಿಸಿ ಮಾಡುತ್ತದೆ. ಅದಕ್ಕೇ ಹೊಸ ಕಾರುಗಳ ತಯಾರಕರು ರೆಗ್ಯುಲೇಟರನ್ನು ಟ್ಯಾಂಕಿನೊಳಕ್ಕೇ ತಂದು ವಾಪಸು ಪೈಪನ್ನು ಕೈಬಿಟ್ಟರು. ಮನೆಯಲ್ಲಿ ಕಟ್ಟುವವನಿಗೆ ಮಾತ್ರ ನನ್ನ ಮತ ಎರಡು ಪೈಪಿಗೇ.

ಒತ್ತಡದಿಂದ ಬರುವ ಅಪಾಯವೂ ಉಂಟು. ಸೂಜಿಮೊನೆಯಷ್ಟು ತೂತಿನಿಂದ 3 ಬಾರ್ ಒತ್ತಡದ ಪೆಟ್ರೋಲು ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಕಾರ್ಬೊರೇಟರ್ ಕಾಲದ ಸೋರಿಕೆ ತೊಟ್ಟಿಕ್ಕುತ್ತಿತ್ತು, ಇದು ಸಿಂಪಡಣೆ. ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ ಒಂದೂವರೆ ಪಾಲಿನಷ್ಟು ಬೆರೆತರೂ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಆ ಆವಿ ಗಾಳಿಗಿಂತ ಭಾರ, ಗ್ಯಾರೇಜಿನ ನೆಲದ ಮೇಲೆ ಹರಡಿ ಕಿಡಿಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ.

ರೇಸ್ ಕಾರುಗಳ ಚಿತ್ರ ನೋಡಿದವರಿಗೆ ಉಕ್ಕಿನ ಜಾಲರಿ ಹೊದಿಸಿದ ಹೋಸು, ನೀಲಿ-ಕೆಂಪು ಬಣ್ಣದ ಜೋಡಣೆಗಳು ಬೇಕೆನ್ನಿಸುತ್ತವೆ. ಅಂದಕ್ಕೆ ಸರಿ. ಆದರೆ ಆ ಜಾಲರಿ ತಾನು ತಾಗಿದ್ದನ್ನೆಲ್ಲ ಅರದಂತೆ ಉಜ್ಜಿ ಸವೆಸುತ್ತದೆ, ಒಳಗಿನ ರಬ್ಬರು ಬಿರಿದರೂ ಹೊರಗೆ ಕಾಣಗೊಡುವುದಿಲ್ಲ. ಚಾಸಿಯ ಉದ್ದಕ್ಕೂ ಗಟ್ಟಿ ಲೋಹದ ಪೈಪು, ಎಂಜಿನ್ ಕಡೆಯ ತುದಿಯಲ್ಲಿ ಮಾತ್ರ ಗಿಡ್ಡ ಹೋಸು: ಇದು ನೀರಸ, ಇದೇ ಒಳ್ಳೆಯದು. ಆ ಗಿಡ್ಡ ಹೋಸು ಬೇಕೇ ಬೇಕು. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತನ್ನ ರಬ್ಬರ್ ಆಸನದ ಮೇಲೆ ಪಕ್ಕಕ್ಕೆ ವಾಲುತ್ತದೆ, ಚಾಸಿ ವಾಲುವುದಿಲ್ಲ.

ಲೋಹವೆಂದರೆ ಯಾವುದು? ತಾಮ್ರ ಕೈಯಲ್ಲೇ ಬಾಗುತ್ತದೆ, ಆದರೂ ಬೇಡ. ಅದುರಿ ಅದುರಿ ಗಡುಸಾಗಿ ಬಿರಿಯುತ್ತದೆ. ಪೆಟ್ರೋಲು ಅಂಟುಗಟ್ಟುವುದನ್ನೂ ತಾಮ್ರ ಚುರುಕುಗೊಳಿಸುತ್ತದೆ. ಲೇಪನವಿರುವ ಉಕ್ಕು ಅಥವಾ ತಾಮ್ರ-ನಿಕ್ಕಲ್ ಮಿಶ್ರಲೋಹ ಸರಿ. ಸ್ಟೇನ್‌ಲೆಸ್ ಬಾಳಿಕೆ ಬರುತ್ತದೆ, ಆದರೆ ಅದರ ಬಾಯಿ ಅಗಲಿಸುವುದಕ್ಕೆ ಒಳ್ಳೆಯ ಸಲಕರಣೆಯೂ ತಾಳ್ಮೆಯೂ ಬೇಕು. ಈ ಬಾಯಿಯ ವಿಷಯದಲ್ಲೇ ಹೊಸಬರು ಎಡವುವುದು. ಅಮೆರಿಕದ ಸೇನೆ, ನೌಕಾಪಡೆಗಳ ವಿಮಾನಗಳಿಂದ ಬಂದ ಎಎನ್ ಜೋಡಣೆಯ ಕೋನ 37 ಡಿಗ್ರಿ. ಸಾಮಾನ್ಯ ಮೋಟಾರು ಅಂಗಡಿಯ ಬಾಯಿ ಅಗಲಿಸುವ (ಫ್ಲೇರ್) ಉಪಕರಣ ಮಾಡಿಕೊಡುವುದು 45 ಡಿಗ್ರಿ. ಎರಡೂ ಒಂದಕ್ಕೊಂದು ಕೂತಂತೆ ಕಾಣುತ್ತವೆ, ನಟ್ಟೂ ತಿರುಗುತ್ತದೆ. ಆದರೆ ಲೋಹ ಲೋಹವನ್ನು ಮುಟ್ಟುವುದು ತೆಳ್ಳಗಿನ ಒಂದು ಗೆರೆಯಲ್ಲಿ ಮಾತ್ರ, ಎಷ್ಟು ಬಿಗಿದರೂ ಜಿನುಗುತ್ತದೆ. ಇನ್ನೂ ಬಿಗಿದರೆ ಬಾಯಿ ಸೀಳುತ್ತದೆ.

ಹೋಸಿನ ಮೇಲೆ ಅಚ್ಚಾಗಿರುವ ಅಂಕಿ ಓದದೆ ಕೊಳ್ಳಬಾರದು. ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಮಾನದಂಡದ 30ಆರ್7 ಕಡಿಮೆ ಒತ್ತಡಕ್ಕೆ, 30ಆರ್9 ಇಂಜೆಕ್ಷನ್ನಿಗೆ. ಹಳೆಯ ರಬ್ಬರಿಗೆ ಎಥನಾಲ್ ಕೂಡ ಶತ್ರು, ಅದು ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. 2023ರ ಫೆಬ್ರವರಿಯಲ್ಲಿ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಹಾಗಾಗಿ ನಮ್ಮಲ್ಲಿ ಹಳೆಯ ಕಾರು, ಬೈಕು ಇಟ್ಟುಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ. ಎಥನಾಲಿಗೆ ಜಗ್ಗದ್ದು ಒಳಗೆ ಟೆಫ್ಲಾನ್ ಪದರವಿರುವ ಹೋಸು. ಆ ಪದರ ಇಂಗಾಲ ಬೆರೆತು ಕಪ್ಪಾಗಿರಬೇಕು. ಬರೀ ಬಿಳಿ ಟೆಫ್ಲಾನಿನಲ್ಲಿ ವೇಗವಾಗಿ ಹರಿಯುವ ಪೆಟ್ರೋಲು ಸ್ಥಿರ ವಿದ್ಯುತ್ತನ್ನು ಹುಟ್ಟಿಸುತ್ತದೆ, ಅದು ಜಾಲರಿಗೆ ಜಿಗಿಯುವಾಗ ಪದರದಲ್ಲಿ ಸೂಜಿತೂತು ಕೊರೆಯಬಲ್ಲದು.

ಪೈಪಿನ ದಾರಿ ಆರಿಸುವಾಗ ಸೈಲೆನ್ಸರಿನಿಂದ ಆದಷ್ಟು ದೂರ, ಚಾಸಿಯ ತಳಕ್ಕಿಂತ ಮೇಲೆ ಎಂಬಿಷ್ಟು ಎಲ್ಲರಿಗೂ ಹೊಳೆಯುತ್ತದೆ. ಮರೆಯುವುದು ಎಂಜಿನ್ನಿನ ಹಿಂಬದಿಯಲ್ಲಿ ಸುತ್ತುವ ಭಾರದ ಚಕ್ರವಾದ ಫ್ಲೈವೀಲನ್ನು. ವೇಗದ ಸುತ್ತಿನಲ್ಲಿ ಅದೋ ಕ್ಲಚ್ಚೋ ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಅದಕ್ಕೇ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ, ಆ ಭಾಗದಲ್ಲಿ ಹಾದುಹೋಗುವ ಪೆಟ್ರೋಲ್ ಪೈಪನ್ನು ದಪ್ಪ ಉಕ್ಕಿನ ಕೊಳವೆಯೊಳಗೆ ಹಾಯಿಸಬೇಕೆಂದು ಹೇಳುತ್ತದೆ.

ಪೈಪು ಕತ್ತರಿಸಿದಾಗ ಉದುರುವ ಲೋಹದ ಪುಡಿಯನ್ನು ಗಾಳಿ ಹೊಡೆದು ತೆಗೆಯದಿದ್ದರೆ ಅದು ಇಂಜೆಕ್ಟರಿನ ಬಾಯಿಗೆ ಹೋಗಿ ಕೂರುತ್ತದೆ. ಪಂಪಿನ ಮುಂಚೆ ಒರಟು ಫಿಲ್ಟರು, ಆಮೇಲೆ 10 ಮೈಕ್ರಾನಿನ ನಯವಾದದ್ದು ಹಾಕುವುದು ವಾಡಿಕೆ. ಪಂಪಿಗೆ ಹೋಗುವ ವಿದ್ಯುತ್ತು ಅಪಘಾತದ ಧಕ್ಕೆಗೆ ತಾನೇ ಕಡಿದುಹೋಗುವ ಸ್ವಿಚ್ಚಿನ ಮೂಲಕವೇ ಹೋಗಬೇಕು. ಹಳೆಯ ಮಸ್ಟಾಂಗಿನ ಡಿಕ್ಕಿಯಲ್ಲಿ ಅದು ಇದ್ದೇ ಇರುತ್ತದೆ, ಬಿಚ್ಚುವಾಗ ಎಸೆಯದಿದ್ದರಾಯಿತು.

ಕೊನೆಗೆ ಪರೀಕ್ಷೆ. ಕೀಲಿ ತಿರುಗಿಸಿದರೆ ಪಂಪು ಒಂದೆರಡು ಸೆಕೆಂಡು ಗುಂಯ್‌ಗುಟ್ಟಿ ಸುಮ್ಮನಾಗುತ್ತದೆ, ಎಂಜಿನ್ ಸುತ್ತದಿದ್ದಾಗ ಅದನ್ನು ನಿಲ್ಲಿಸುವುದು ಕಂಪ್ಯೂಟರಿನ ಕೆಲಸ. ಹಾಗಾಗಿ ಪಂಪಿಗೆ ಬೇರೆ ತಂತಿ ಕೊಟ್ಟು ಕೆಲ ನಿಮಿಷ ಓಡಿಸಿ, ಪ್ರತಿ ಜೋಡಣೆಯ ಕೆಳಗೂ ಬಿಳಿ ಕಾಗದ ಹಾಸಿ ನೋಡುತ್ತಾರೆ. ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಕೈಗೆಟಕುವಂತಿರಬೇಕು. ಕಾಗದ ಒದ್ದೆಯಾಗದಿದ್ದರೂ ಕೆಲಸ ಮುಗಿದಿಲ್ಲ. ಮೊದಲ ಸವಾರಿ ಮುಗಿಸಿ ನಿಲ್ಲಿಸಿದ ಮೇಲೆ ಬಾನೆಟ್ಟಿನೊಳಗಿನ ಶಾಖ ಇನ್ನೂ ಹದಿನೈದಿಪ್ಪತ್ತು ನಿಮಿಷ ಏರುತ್ತದೆ, ಪೈಪು ಹಿಗ್ಗುತ್ತದೆ. ಆಗೊಮ್ಮೆ ಮೂಸಿ ನೋಡಿ, ಮಾರನೆಯ ದಿನ ತಣ್ಣಗಾದ ಮೇಲೆ ಪಾನಾ ಹಿಡಿದು ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಮುಟ್ಟಿ ಬರಬೇಕು.